ಅತ್ತಿಯ ಹೂವನ್ನು ಕಂಡವರುಂಟೆ?

ಬಹುದಿನ ಕಣ್ಣಿಗೆ ಬೀಳದಿದ್ದ ನೆಂಟನು ಬಾಗಿಲಿಗೆ ಬಂದು ನಿಂತರೆ, "ಏನಪ್ಪ, ಅತ್ತಿಯ ಹೂವಾಗಿಬಿಟ್ಟೆಯಲ್ಲ!" ಎಂದು ಮನೆಯ ಹಿರಿಯರು ಆಕ್ಷೇಪಿಸುವುದುಂಟು. ಬೌದ್ಧ ಗ್ರಂಥಗಳಲ್ಲಿಯೂ ಉದುಂಬರ ಪುಷ್ಪವೆಂದರೆ ದುರ್ಲಭ ವಸ್ತುವಿಗೆ ಉಪಮಾನ. ಸಸ್ಯಶಾಸ್ತ್ರಜ್ಞನು ಈ ಮಾತನ್ನು ಒಪ್ಪಲಾರ. ನಾವು ಅತ್ತಿಕಾಯಿ ಎಂದು ಕರೆಯುವುದೇ ಹೂವಿನ ಮನೆ. ಅಸಂಖ್ಯ ಕಿರುಹೂಗಳು ಅದರೊಳಗೆ ಒಳಮುಖವಾಗಿ ಅರಳಿರುತ್ತವೆ.

ಉಳಿದ ಹೂಗಳ ರೀತಿ ನಮಗೆ ಗೊತ್ತು. ಕೇಸರದ ಪರಾಗವು ಹೆಣ್ಣುಭಾಗದ ತುದಿಯನ್ನು ಮುಟ್ಟಿದರೆ ಬೀಜ ಕಟ್ಟುತ್ತದೆ. ಮುಸುಕಿನ ಜೋಳಕ್ಕೆ ಗಾಳಿಯೇ ದೂತ, ಕುಂಬಳಕ್ಕೆ ಜೇನುನೊಣ. ಬಣ್ಣ, ಕಂಪು, ಮಧು ಇವೆಲ್ಲ ದೂತನನ್ನು ಕರೆಯುವ ಉಪಾಯಗಳು. ಬಾಗಿಲು ಮುಚ್ಚಿ ಕುಳಿತ ಅತ್ತಿಯ ಹೂವಿಗೆ ದೂತರಾರು?

ಎಳ್ಳುಕಾಳಿಗಿಂತ ದೊಡ್ಡದಲ್ಲದ ಒಂದು ಕಣಜ. ಎಳೆಯ ಕಾಯಿಯ ಕಂಪನ್ನು ಹಿಡಿದು ಬರುವ ಹೆಣ್ಣು ಕಣಜವು ಅದರ ತುದಿಯಲ್ಲಿರುವ ಸೂಕ್ಷ್ಮರಂಧ್ರದಲ್ಲಿ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಹರಿದುಹೋಗುತ್ತವೆ, ಮರಳುವ ಮಾತಿಲ್ಲ. ಎದೆಯ ಪುಟ್ಟ ಚೀಲಗಳಲ್ಲಿ ತಂದ ಪರಾಗವನ್ನು ಹೆಣ್ಣುಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂವಿನಲ್ಲಿ ಮರಿ, ಉಳಿದವುಗಳಲ್ಲಿ ಬೀಜ. ಮರಕ್ಕೂ ಹುಳುವಿಗೂ ನಡೆದ ಪಾಲುಪಟ್ಟಿಯೆಂದರೂ ಸಲ್ಲುವುದು. ಕೆಲವು ವಾರಗಳ ಅನಂತರ ಮೊದಲು ಹೊರಬೀಳುವವು ರೆಕ್ಕೆಯಿಲ್ಲದ ಗಂಡುಗಳು. ಅವು ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿಮಾಡಿ ಮಡಿಯುತ್ತವೆ. ಗಂಡುಹೂಗಳು ಪಕ್ವವಾಗುವುದೂ ಆಗಲೇ. ಹೆಣ್ಣು ಕಣಜಗಳು ಹೊಸ ಪರಾಗವನ್ನು ಹೊತ್ತು ಹಾರುತ್ತವೆ. ಆಮೇಲೆ ಹಣ್ಣು ಕೆಂಪೇರುತ್ತದೆ.

ಇಂಥ ಸಂಬಂಧವನ್ನು ಅರಿಯದೆ ಕೈಸುಟ್ಟುಕೊಂಡವರುಂಟು. 1880ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಳೆಗಾರರು ತುರ್ಕಿಯ ಸ್ಮಿರ್ನಾ ಅಂಜೂರವನ್ನು ತರಿಸಿ ನೆಟ್ಟರು. ಅಂಜೂರವೆಂದರೆ ಅತ್ತಿಯ ದಾಯಾದಿ. ಗಿಡಗಳು ಸೊಂಪಾಗಿ ಬೆಳೆದವು. ಕಾಯಿಗಳು ಹಣ್ಣಾಗದೆ ಉದುರಿದವು. ಕಾಡು ಅಂಜೂರದ ಕಾಯಿಗಳನ್ನು ತೋಟದ ಮರಗಳಿಗೆ ತೂಗುಹಾಕುವ ತುರ್ಕಿಯವರ ಪದ್ಧತಿಯನ್ನು ಮೂಢನಂಬಿಕೆಯೆಂದು ಹಳಿದವರೂ ಇದ್ದರು. 1899ರಲ್ಲಿ ಆಲ್ಜೀರಿಯಾದಿಂದ ಕಣಜಸಹಿತವಾದ ಕಾಡುಕಾಯಿಗಳನ್ನು ತರಿಸಿ, ಫ್ರೆಸ್ನೋದ ತೋಟದಲ್ಲಿ ಆ ಕಣಜವನ್ನು ನೆಲೆಗೊಳಿಸಿದ ಮೇಲೆಯೇ ಬೆಳೆ ಕೈಗೆ ಹತ್ತಿತು. (ಅಂಜೂರದ ಎಲ್ಲ ತಳಿಗಳಿಗೂ ಈ ಕಣಜ ಬೇಕಿಲ್ಲ, ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುವವು ಹಲವಿವೆ. ಶಾಕಾಹಾರಿಗಳು ಗಾಬರಿಯಾಗಬೇಕಿಲ್ಲ!)

ನಮ್ಮ ಅತ್ತಿಗೆ ಅಂಥ ತೋಟಗಾರನಿಲ್ಲ. ಹೊರಗೆ ಬಂದ ಹೆಣ್ಣು ಕಣಜದ ಆಯುಸ್ಸು ಒಂದೆರಡು ದಿನ. ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೇ ಬಲಿಯುವುದರಿಂದ, ಅಷ್ಟರೊಳಗೆ ಎಳೆಗಾಯಿ ಹೊತ್ತ ಇನ್ನೊಂದು ಮರ ಸಿಕ್ಕಬೇಕು. ನಾನು ಕಾಲೇಜಿಗೆ ಹೋಗುವ ಹಾದಿಯಲ್ಲಿ ಮೂರು ಅತ್ತಿಯ ಮರಗಳಿದ್ದವು. ರಸ್ತೆ ಅಗಲವಾದ ಮೇಲೆ ಒಂದು ಉಳಿದಿದೆ. ಕಳೆದ ವಾರ ಅದರ ಕೆಳಗೆ ಬಿದ್ದಿದ್ದ ಹಣ್ಣೊಂದನ್ನು ಬಿಡಿಸಿ ನೋಡಿದೆ. ನಾಲ್ಕಾರು ಕಣಜಗಳು ಹೊರಬಂದು, ನನ್ನ ಬೆರಳ ಮೇಲೆ ಅರೆಗಳಿಗೆ ನಿಂತು, ಗಾಳಿ ಬೀಸಿದತ್ತ ಹಾರಿಹೋದವು.