ಒಡೆದ ಗಾಜು, ಟಾರು ರಸ್ತೆ

ಕಡೂರಿನ ತೆಂಗಿನಕಾಯಿ ಪೇಟೆಗೆ ಹೋಗಬೇಕು. ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಲಾರಿ ಹತ್ತಬೇಕು. ಬಸುರಿ ಹೆಂಗಸನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಬೇಕು. ಎಲ್ಲಕ್ಕೂ ರಸ್ತೆ ಬೇಕು. ಬೇಸಿಗೆಯಲ್ಲಿ ಟಾರು ಹಾಕ್ತಾರೆ. ಎಷ್ಟೋ ಕಡೆ ಒಂದು ಮಳೆಗಾಲ ಕಳೆದರೆ ಗುಂಡಿ ಬೀಳ್ತದೆ. ಯಾಕೆ ಹೀಗೆ?

ಶೇಂಗಾ ಉಂಡೆ ಕಟ್ಟುವುದು ನಮಗೆಲ್ಲ ಗೊತ್ತು. ಬೆಲ್ಲದ ಪಾಕ ಬೀಜಗಳನ್ನು ಹಿಡಿದಿಡುತ್ತದೆ. ರಸ್ತೆಯಲ್ಲಿ ಜಲ್ಲಿ, ಮರಳು ಬೀಜ ಇದ್ದಂತೆ. ಟಾರು ಪಾಕ ಇದ್ದಂತೆ. 100 ಕೆ.ಜಿ. ಮಿಶ್ರಣದಲ್ಲಿ ಟಾರು ಇರುವುದು 5 ಕೆ.ಜಿ. ಆಸುಪಾಸು, ಅಷ್ಟೇ. ಟಾರು ನೀರಿನಲ್ಲಿ ಕರಗುವುದಿಲ್ಲ. ಆದರೆ ನೀರು ಬಿರುಕಿನಲ್ಲಿ ಇಳಿಯುತ್ತದೆ. ಟಾರಿಗೂ ಜಲ್ಲಿಗೂ ನಡುವೆ ನುಸುಳುತ್ತದೆ. ಮೇಲೆ ಲಾರಿ ಓಡುತ್ತದೆ. ಜಲ್ಲಿ ಕಳಚಿಕೊಳ್ಳುತ್ತದೆ. ಇವತ್ತು ಒಂದು ಕಲ್ಲು, ನಾಳೆ ಒಂದು ಬುಟ್ಟಿ.

ಈ ಮಿಶ್ರಣಕ್ಕೆ ಒಡೆದ ಗಾಜನ್ನೂ ಸೇರಿಸಬಹುದು ಅಂದರೆ ನಂಬ್ತೀರಾ? ಅಮೆರಿಕದಲ್ಲಿ 1970ರ ಸುಮಾರಿಗೆ ಹೀಗೆ ಮಾಡಿ ನೋಡಿದರು. ಈಗ ಆಸ್ಟ್ರೇಲಿಯಾದಲ್ಲೂ ಮಾಡ್ತಾರೆ. ಗಾಜು ಆಗುವುದೇ ಮರಳಿನಿಂದ. ಹಾಗಾಗಿ ಅದನ್ನು ಪುಡಿ ಮಾಡಿ ಮರಳಿನ ಜಾಗಕ್ಕೆ ಹಾಕ್ತಾರೆ. 100 ಕೆ.ಜಿ. ಜಲ್ಲಿ-ಮರಳಿನಲ್ಲಿ 10ರಿಂದ 15 ಕೆ.ಜಿ. ಗಾಜು ಸಾಕು. ಯಂತ್ರದಲ್ಲಿ ಚೆನ್ನಾಗಿ ಪುಡಿಯಾದ ಗಾಜು ಮರಳಿನ ಹಾಗೇ ಇರುತ್ತದೆ, ಚೂಪು ಉಳಿಯುವುದಿಲ್ಲ. ಟಾರಿನ ಬಿಸಿಗೆ ಅದು ಕರಗುವುದೂ ಇಲ್ಲ.

ಒಂದು ತೊಡಕು ಇದೆ. ಗಾಜಿನ ಮೈ ನುಣುಪು. ಟಾರು ಸರಿಯಾಗಿ ಅಂಟುವುದಿಲ್ಲ. ಮಳೆ ನೀರು ಬಂದರೆ ಬೇಗ ಬಿಡುತ್ತದೆ. ಅದಕ್ಕೆ ಅವರು ಕಂಡುಕೊಂಡ ಮದ್ದು ಯಾವುದು ಗೊತ್ತೇ? ಸುಣ್ಣ! ನಮ್ಮ ಎಲೆಅಡಿಕೆ ಚೀಲದಲ್ಲಿ ಇರುತ್ತಲ್ಲ, ಅದೇ ಜಾತಿಯದು. ನೂರಕ್ಕೆ ಒಂದೆರಡು ಪಾಲು ಸುಣ್ಣದ ಪುಡಿ ಬೆರೆಸಿದರೆ ಟಾರು ಗಟ್ಟಿಯಾಗಿ ಹಿಡಿಯುತ್ತದೆ. ಗಾಜಿನಿಂದ ರಸ್ತೆ ಹೆಚ್ಚು ಗಟ್ಟಿ ಆಗ್ತದೆ ಅಂತ ನಾವು ಹೇಳುವುದಿಲ್ಲ. ಮರಳು ಉಳಿಯುತ್ತದೆ, ತಿಪ್ಪೆಯಲ್ಲಿ ಗಾಜು ಕಡಿಮೆ ಆಗ್ತದೆ. ಅದೇ ಲಾಭ.

ನಮ್ಮ ಕರ್ನಾಟಕದಲ್ಲಿ ಹೆಚ್ಚು ನಡೆದಿರುವುದು ಪ್ಲಾಸ್ಟಿಕ್ ರಸ್ತೆ. ಬೆಂಗಳೂರಿನಲ್ಲಿ 2002ರ ಹೊತ್ತಿಗೇ ಶುರುವಾಯಿತು. ಮದುರೆಯ ಕಾಲೇಜು ಮೇಷ್ಟ್ರು ಆರ್. ವಾಸುದೇವನ್ ಇದರ ಒಂದು ದಾರಿ ಕಂಡುಹಿಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಬೇಕು. ಅದು ಕರಗಿ ಕಲ್ಲಿನ ಮೈಗೆ ತೆಳ್ಳಗೆ ಹತ್ತುತ್ತದೆ. ಆಮೇಲೆ ಟಾರು ಹಾಕಬೇಕು. ಆಗ ಟಾರು ಬಿಗಿಯಾಗಿ ಹಿಡಿಯುತ್ತದೆ, ನೀರು ನುಸುಳುವುದು ಕಷ್ಟ. ಹಾಲಿನ ಕವರು, ಕೈಚೀಲ ಇದಕ್ಕೆ ಆಗ್ತವೆ. ನೀರಿನ ಪಿವಿಸಿ ಪೈಪಿನ ಚೂರು ಆಗುವುದಿಲ್ಲ, ಕಾದರೆ ವಿಷದ ಗಾಳಿ ಬಿಡುತ್ತದೆ. ಹಂಡೆ ಒಲೆಗೂ ಪ್ಲಾಸ್ಟಿಕ್ ಹಾಕಬೇಡಿ. ಆ ಹೊಗೆ ಮೊದಲು ಕುಡಿಯುವವರು ನಾವೇ.

ಏನು ಬೆರೆಸಿದರೂ ಪಕ್ಕದಲ್ಲಿ ಚರಂಡಿ ಇಲ್ಲದ ರಸ್ತೆ ಉಳಿಯುವುದಿಲ್ಲ. ನಮ್ಮ ಪ್ರಕಾರ ಇದೇ ದೊಡ್ಡ ಮಾತು. ಗ್ರಾಮಸಭೆಯಲ್ಲಿ ರಸ್ತೆ ಕೇಳುವಾಗ ಚರಂಡಿಯನ್ನೂ ಕೇಳಿ. ತರೀಕೆರೆಯ ಮಲೆನಾಡು ಕಡೆಯ ಊರುಗಳಲ್ಲಂತೂ ಬಿಡಲೇಬೇಡಿ.

ಮನೆಯ ಗಾಜಿನ ಚೂರನ್ನು ನೀವೇ ರಸ್ತೆ ಗುಂಡಿಗೆ ಸುರಿಯಬೇಡಿ. ಮಕ್ಕಳ ಕಾಲು, ದನದ ಕಾಲು ಕುಯ್ಯುತ್ತದೆ. ಒಡೆದ ಬಳೆ, ಸೀಸೆ ತಿಪ್ಪೆಗೆ ಹೋದರೆ ಗೊಬ್ಬರದ ಜೊತೆ ಹೊಲಕ್ಕೇ ಬರುತ್ತದೆ. ಕಳೆ ಕೀಳುವ ಕೈಗೆ ಸಿಗುತ್ತದೆ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಡಬ್ಬದಲ್ಲಿ ಇಡಿ. ಪಿಂಗಾಣಿ ಚೂರು, ಟ್ಯೂಬ್‌ಲೈಟು ಅದರಲ್ಲಿ ಸೇರಿಸಬೇಡಿ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಈಗ ಹಲವು ಪಂಚಾಯಿತಿಗಳಲ್ಲಿ ಕಸದ ಗಾಡಿ ಬರುತ್ತದೆ. ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಂಗಸರೇ ಅದನ್ನು ಓಡಿಸ್ತಾರೆ. ಡಬ್ಬ ಕೊಡುವಾಗ ‘ಇದರಲ್ಲಿ ಗಾಜು ಇದೆ’ ಅಂತ ಬಾಯಿಬಿಟ್ಟು ಹೇಳಿ. ಡಬ್ಬದ ಮೇಲೆ ‘ಗಾಜು’ ಅಂತ ಬರೆದರೆ ಇನ್ನೂ ಒಳ್ಳೆಯದು. ಎರಡೇ ಅಕ್ಷರ.