ಅಬ್ದುರ್ ರಜಾಕ್ ಕಂಡ ಪೇಟೆಯಲ್ಲಿ

ಹಂಪಿಯ ವಿರೂಪಾಕ್ಷ ಗುಡಿಯ ಎದುರು ಹೂವಿನಾಕೆಗೂ ವಿದೇಶಿ ತರುಣಿಯೊಬ್ಬಳಿಗೂ ವ್ಯಾಪಾರ ನಡೆದಿತ್ತು. "ಮೊಳಕ್ಕ ಇಪ್ಪತ್ ರೂಪಾಯ್ ನೋಡವ್ವ" ಎನ್ನುತ್ತ ಈಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ತೋರಿಸಿದಳು. ಆಕೆ ಎರಡು ಬೆರಳೆತ್ತಿದಳು. ಎರಡು ಮೊಳ ಮಲ್ಲಿಗೆ ಕತ್ತರಿಸಿ, ಭುಜ ಹಿಡಿದು ತಿರುಗಿಸಿ, ತಾನೇ ಮುಡಿಸಿ ಕಳಿಸಿದಳು.

1443ರಲ್ಲಿ ಈ ನಗರಕ್ಕೆ ಬಂದ ಅಬ್ದುರ್ ರಜಾಕ್ ಕೂಡ ಹೂವಿನ ಬಗ್ಗೆ ಬರೆದಿದ್ದಾನೆ. ಇಲ್ಲಿಯವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯ ಎಂಬುದು ಅವನ ಮಾತಿನ ತಾತ್ಪರ್ಯ. ಹೆರಾತಿನ ದೊರೆ ಶಾರುಖ್‌ನ ರಾಯಭಾರಿ ಅವನು. ಹೊರ್ಮುಜ್‌ನಲ್ಲಿ ಹಡಗು ಹತ್ತಿದಾಗ ಕಡಲಿನ ಭಯಕ್ಕೆ ಎಚ್ಚರ ತಪ್ಪಿ ಬಿದ್ದವನು, ಕಲ್ಲಿಕೋಟೆ ಮುಟ್ಟಿ, ಅಲ್ಲಿಂದ ಮತ್ತೆ ಕಡಲ ದಾರಿಯಲ್ಲೇ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರಿದ. ಊರಿನ ನುಡಿ ಅವನಿಗೆ ತಿಳಿಯದು. ಇಲ್ಲಿನ ದೊರೆ ಇಮ್ಮಡಿ ದೇವರಾಯ ಅವನನ್ನು ಹತ್ತಿರ ಕೂರಿಸಿಕೊಂಡು, ಶಾರುಖ್‌ನ ಪತ್ರವನ್ನು ದುಭಾಷಿಗಳ ಕೈಗೆ ಕೊಟ್ಟು ಮಾತನಾಡಿಸಿದ.

ಆದರೆ ಪೇಟೆಯಲ್ಲಿ ದುಭಾಷಿ ಅವನಿಗೆ ಅಷ್ಟಾಗಿ ಬೇಕಾಗಿರಲಾರದು. ಒಂದೊಂದು ಕಸುಬಿನವರ ಅಂಗಡಿಗಳು ಒಂದೇ ಕಡೆ ಸಾಲಾಗಿದ್ದವು. ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಬಯಲಲ್ಲೇ ಹರವಿ ಮಾರುತ್ತಿದ್ದರು ಎನ್ನುತ್ತಾನೆ. ಕಣ್ಣಿದ್ದವನಿಗೆ ದಾರಿ ತಿಳಿಯುವಂತೆ ಕಟ್ಟಿದ ಊರು ಇದು. ವಿಜಯನಗರದ ವೈಭವವನ್ನು ಚಿನ್ನ, ವಜ್ರಗಳಲ್ಲಿ ಅಳೆಯುವುದು ನಮಗೆಲ್ಲ ರೂಢಿ. ಪರದೇಶದವನೊಬ್ಬ ಅಂಜದೆ ಅಂಗಡಿಯಿಂದ ಅಂಗಡಿಗೆ ಹೋಗಬಲ್ಲವನಾಗಿದ್ದ ಎಂಬುದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಜಾರರಾಮ ಗುಡಿಯ ಪಕ್ಕದಿಂದ ಈಶಾನ್ಯಕ್ಕೆ ನಡೆದರೆ ಪಾನ್‌ಸುಪಾರಿ ಬಜಾರು. ಈಗ ಉಳಿದಿರುವುದು ಅಂಗಡಿ ಸಾಲಿನ ಅಡಿಪಾಯ, ನಡುವೆ ಹುಲ್ಲು. ಎಲೆ ಅಡಿಕೆಯ ಈ ಬೀದಿಯಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದ್ದನ್ನು ಅದೇ ದೇವರಾಯನ 1426ರ ಶಾಸನ ಹೇಳುತ್ತದೆ. ರಜಾಕ್ ವಾರಕ್ಕೆರಡು ಸಂಜೆ ಅರಮನೆಗೆ ಹೋಗುತ್ತಿದ್ದ. ಪ್ರತಿ ಸಲವೂ ವೀಳ್ಯದೆಲೆಯ ಕಟ್ಟು, ಹಣದ ಚೀಲ, ಕರ್ಪೂರ ಸಿಗುತ್ತಿತ್ತು. ಬಂದವರಿಗೆ ಎಲೆ ಅಡಿಕೆ ಕೊಡುವುದು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಮರ್ಯಾದೆ.

ಮಹಾನವಮಿ ದಿಬ್ಬದ ಕೆಳಗಿನ ಪಟ್ಟಿಕೆಗಳನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ಆನೆ, ಬೇಟೆ, ಕುಣಿತಗಳ ನಡುವೆ ಚೂಪು ಟೊಪ್ಪಿಗೆ, ಗಡ್ಡದ ಪರದೇಶದವರು ಸಿಗುತ್ತಾರೆ.

ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿಯಲ್ಲಿ ಹೋದೆ. ಓಡಿಸುತ್ತಿದ್ದವಳು ಊರಿನ ಹುಡುಗಿ. ಕಲ್ಲಿನ ರಥ ನೋಡಿ ತಿರುಗುವವರೇ ಹೆಚ್ಚು. ಗುಡಿಯ ಜಗತಿಯ ಬಳಿ ಕುಕ್ಕರಗಾಲಲ್ಲಿ ಕೂತರೆ ಕುದುರೆಗಳ ಉದ್ದ ಸಾಲು, ಪಕ್ಕದಲ್ಲಿ ಅವನ್ನು ಹಿಡಿದು ನಿಂತವರು. "ಇವ್ರು ಅರಬ್ಬರು, ಇವ್ರು ಪೋರ್ಚುಗೀಸರು, ಇವ್ರು ಚೀನಾದವ್ರು ನೋಡ್ರಿ" ಎಂದು ಗೈಡ್ ಒಬ್ಬರು ಬೆರಳಿಟ್ಟು ತೋರಿಸುತ್ತಿದ್ದರು. ಚೀನಾದವರೆಂಬ ಮಾತನ್ನು ನಾನು ಅಷ್ಟು ಬೇಗ ಒಪ್ಪಲಾರೆ. ಅರಬ್ಬರು, ಪೋರ್ಚುಗೀಸರ ವಿಷಯದಲ್ಲಿ ಅನುಮಾನವಿಲ್ಲ: ವಿಜಯನಗರದ ಸೈನ್ಯಕ್ಕೆ ಒಳ್ಳೆಯ ತಳಿಯ ಕುದುರೆ ಬರುತ್ತಿದ್ದದ್ದೇ ಅರೇಬಿಯಾ, ಹೊರ್ಮುಜ್‌ಗಳಿಂದ, ಹಡಗಿನಲ್ಲಿ, ಭಟ್ಕಳದಂಥ ಬಂದರುಗಳ ಮೂಲಕ. ಕುದುರೆ ಮಾರಲು ಬಂದವನನ್ನು ದೇವರ ಗುಡಿಯ ಗೋಡೆಯಲ್ಲೇ ಕೆತ್ತಿ ನಿಲ್ಲಿಸಿದರಲ್ಲ, ಆ ಶಿಲ್ಪಿಗಳ ದೊಡ್ಡತನಕ್ಕೆ ನಾನು ಮನಸಾರೆ ಕೈಮುಗಿದೆ.