ಹೊಳೆದಂಡೆಯ ಸಿಮ್: ಎರಡರಿಂದ ಹತ್ತು, ಮತ್ತೆ ಎರಡು

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ತಾಣ ಎಂದೇ ನಾಡಿಗೆ ಇದರ ಪರಿಚಯ. ಕೂಡಲಸಂಗಮದಿಂದ ಬಸವಣ್ಣ ಹಡಪದ ಅಪ್ಪಣ್ಣನನ್ನು ಕಳಿಸಿ ಕರೆ ಹೇಳಿದರು, ಕಲ್ಯಾಣದಿಂದ ಹೊರಟ ನೀಲಮ್ಮ ಇಲ್ಲಿಗೆ ಬರುವಷ್ಟರಲ್ಲಿ ಬಸವಣ್ಣ ಲಿಂಗೈಕ್ಯರಾದ ಸುದ್ದಿ ಮುಟ್ಟಿತು ಎಂಬುದು ಐತಿಹ್ಯ. ಸುದ್ದಿ ತಡವಾಗಿ ಮುಟ್ಟುವ ಸಂಕಟ ಆಮೇಲೂ ಈ ಸೀಮೆಯನ್ನು ಬಿಡಲಿಲ್ಲ. ಮಳೆ ಕೈಕೊಟ್ಟ ವರ್ಷ ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಜನ ಗೋವಾ, ಪುಣೆ, ಮುಂಬೈ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಟೆಲಿಕಾಂ ಪೈಪೋಟಿಯಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳಬೇಕಾದರೆ ಇಂಥ ಮನೆಗಳಲ್ಲೇ ಕೇಳಬೇಕು.

ದೇಶದ ಕಪ್ಪು ಟೆಲಿಫೋನುಗಳನ್ನು ತಯಾರಿಸುತ್ತಿದ್ದದ್ದು ನಮ್ಮದೇ ರಾಜ್ಯ. ಬೆಂಗಳೂರಿನ ಐಟಿಐ ಕಾರ್ಖಾನೆ 1948ರಲ್ಲೇ ಶುರುವಾಯಿತು, ಅದರ ಸುತ್ತ ದೂರವಾಣಿನಗರ ಎಂಬ ಬಡಾವಣೆಯೇ ಬೆಳೆಯಿತು. ಆದರೂ ಹಳ್ಳಿಗೆ ಫೋನು ಬರಲಿಲ್ಲ. ಹೊರದೇಶದ ಎಕ್ಸ್‌ಚೇಂಜ್ ಯಂತ್ರಗಳಿಗೆ ಎಸಿ ಬೇಕು, ದೂಳು ಆಗದು, ದೊಡ್ಡ ಊರು ಬೇಕು. ಇದಕ್ಕೆ ಉತ್ತರ ಹುಡುಕಲೆಂದು 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಹುಟ್ಟಿತು. ಅದು ರೂಪಿಸಿದ, ಎಸಿ ಇಲ್ಲದೆಯೂ ಕೆಲಸ ಮಾಡುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ದೇಶದಲ್ಲೇ ಮೊದಲು ಚಾಲೂ ಆದದ್ದು 1986ರ ಜುಲೈಯಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರಿಗೆ ಈ ಹಿರಿಮೆಯೂ ಇದೆ ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಯಾಕೋ ಹೇಳುವುದಿಲ್ಲ. ಆ ಪುಟ್ಟ ಪೆಟ್ಟಿಗೆ ಬಂದ ಮೇಲೆಯೇ ಸಣ್ಣ ಊರುಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎದ್ದವು, ಕಾಲು ದರದ ಹೊತ್ತಿಗಾಗಿ ರಾತ್ರಿ ಸಾಲು ನಿಲ್ಲುವ ರೂಢಿ ಬಂತು. ತಂಗಡಗಿಯದು ಮುದ್ದೇಬಿಹಾಳದ 08356, ಎದುರು ದಂಡೆಯ ಹುನಗುಂದ ತಾಲ್ಲೂಕಿನದು 08351. ಹೊಳೆ ದಾಟಿದರೆ ಕೋಡ್ ಬೇರೆ.

ಆಗ ಪೈಪೋಟಿಯೇ ಇರಲಿಲ್ಲ, ಇಲಾಖೆ ಒಂದೇ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸಚಿವ ಸುಖ್‌ರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಕರ್ನಾಟಕ ವಲಯದಲ್ಲಿ ಲೈಸೆನ್ಸ್ ಸಿಕ್ಕಿದ್ದು ಎರಡೇ ಖಾಸಗಿ ಕಂಪನಿಗೆ: ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಮೊದಲನೆಯದು ಮುಂದೆ ಏರ್‌ಟೆಲ್ ಪಾಲಾಯಿತು, ಎರಡನೆಯದು ಐಡಿಯಾದಲ್ಲಿ ಸೇರಿತು. ಕರೆ ಬಂದರೂ ದುಡ್ಡು, ಮಾಡಿದರೂ ದುಡ್ಡು, ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೆ. ಅದು ಬೆಂಗಳೂರಿನ ಶ್ರೀಮಂತರ ಆಟಿಕೆಯಾಗಿತ್ತು. ಅದನ್ನು ಹಳ್ಳಿಯ ಅಂಗಿ ಜೇಬಿಗೆ ಇಳಿಸಿದ್ದು ಎರಡು ಘಟನೆ. 2002ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಗೆ ಇಳಿಯಿತು. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಆ ಮುಂಗಾರಿನಲ್ಲಿ ರಿಲಯನ್ಸ್ ₹501 ಕಟ್ಟಿಸಿಕೊಂಡು ಫೋನನ್ನೇ ಕೈಗಿಟ್ಟಿತು.

ಮುಂದಿನ ಹತ್ತು ವರ್ಷ ಬಡವನ ಪಾಲಿಗೆ ಸುಗ್ಗಿ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು, ಉಳಿದವರೂ ಅದೇ ದಾರಿ ಹಿಡಿಯಲೇಬೇಕಾಯಿತು. ಏರ್‌ಟೆಲ್, ವೊಡಾಫೋನ್, ಐಡಿಯಾ, ಏರ್‌ಸೆಲ್, ಯೂನಿನಾರ್, ಎಂಟಿಎಸ್, ರಿಲಯನ್ಸ್, ಡೊಕೊಮೊ, ಬಿಎಸ್‌ಎನ್‌ಎಲ್ ಎಂದು ಪಾನ್ ಅಂಗಡಿಯ ಬಾಗಿಲು ಕಾಣದಷ್ಟು ಸ್ಟಿಕರುಗಳು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿದರೆ ತಿಂಗಳು ನಡೆಯುತ್ತಿತ್ತು. ಏಕೆಂದರೆ ಗುಳೆ ಹೋದವನು ಕೊಡುತ್ತಿದ್ದದ್ದು ಮಿಸ್ ಕಾಲ್: ಒಂದು ಸಲ ಹೊಡೆದರೆ 'ಮುಟ್ಟೀನಿ', ಎರಡು ಸಲ ಹೊಡೆದರೆ 'ನೀವ ಹಚ್ಚರಿ'. ಊರಿನ ಮುದುಕಿಯ ಫೋನಿಗೆ ಬ್ಯಾಲೆನ್ಸೇ ಬೇಕಿರಲಿಲ್ಲ, ಚಾರ್ಜ್ ಇದ್ದರೆ ಸಾಕಿತ್ತು. ಇದು ಕಂಪನಿಗಳಿಗೆ ಲಾಭ ತರದ ಗಿರಾಕಿ, ನಿಜ. ಆದರೆ ಸಂಪರ್ಕ ಕ್ರಾಂತಿ ಎಂದು ನಾವು ಹೆಮ್ಮೆಪಟ್ಟದ್ದೆಲ್ಲ ಈ ಗಿರಾಕಿಯ ತಲೆ ಎಣಿಸಿಯೇ.

ಇಳಿಗಾಲ ಮೂರು ದಿಕ್ಕಿನಿಂದ ಬಂತು. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಕರೆಯನ್ನೂ ಡೇಟಾವನ್ನೂ ತಿಂಗಳುಗಟ್ಟಲೆ ಪುಕ್ಕಟೆ ಹಂಚಿ ಅಂಗಳಕ್ಕಿಳಿಯಿತು. ಏರ್‌ಸೆಲ್ ದಿವಾಳಿಯಾಯಿತು, ಡೊಕೊಮೊ ಗಿರಾಕಿಗಳು ಏರ್‌ಟೆಲ್ ಸೇರಿದರು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. 2019ರ ಅಕ್ಟೋಬರ್‌ನಲ್ಲಿ ಸರ್ಕಾರಕ್ಕೆ ಕೊಡಬೇಕಾದ ಪಾಲನ್ನು ಯಾವ ಆದಾಯದ ಮೇಲೆ ಲೆಕ್ಕ ಹಾಕಬೇಕು ಎಂಬ ಹಳೆಯ ವ್ಯಾಜ್ಯದಲ್ಲಿ ಕಂಪನಿಗಳು ಸೋತವು. ಆ ಬಾಕಿಯ ಹೊರೆ ವೊಡಾಫೋನ್ ಐಡಿಯಾವನ್ನು ಎಷ್ಟು ಹಿಂಡಿತೆಂದರೆ, 2025ರಲ್ಲಿ ಬಾಕಿಯನ್ನು ಷೇರಾಗಿ ಪರಿವರ್ತಿಸಿದ ಮೇಲೆ ಸರ್ಕಾರವೇ ಅದರ ಸುಮಾರು ಶೇ 49ರ ಒಡೆಯ. ಈಗ ದೇಶದ ಮೊಬೈಲ್ ಗಿರಾಕಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಜಿಯೊ, ಇಲ್ಲವೇ ಏರ್‌ಟೆಲ್. ಕರ್ನಾಟಕ ಎರಡೇ ಕಂಪನಿಯಿಂದ ಹೊರಟು ಸುತ್ತುಹೊಡೆದು ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿದೆ.

ಜಿಯೊ ಬಂದದ್ದರಿಂದ ಹಳ್ಳಿಗೆ ಏನೂ ಸಿಗಲಿಲ್ಲ ಎಂದರೆ ತಪ್ಪಾಗುತ್ತದೆ. ತೊಗರಿ ಧಾರಣೆ ಇಂದು ಹೊಲದ ಬದುವಿನ ಮೇಲೆ ಕೂತವನಿಗೂ ಗೊತ್ತು. ಪುಣೆಯ ಕೂಲಿ ಹಣ ಗಳಿಗೆಯಲ್ಲಿ ಮನೆಗೆ ಬರುತ್ತದೆ, ಮೊಮ್ಮಗನ ಮುಖ ಪರದೆಯಲ್ಲಿ ಕಾಣುತ್ತದೆ. ಡೇಟಾ ಅಗ್ಗವಾಯಿತು. ತುಟ್ಟಿಯಾದದ್ದು ಬರೀ ಸಿಮ್ ಜೀವಂತ ಇಟ್ಟುಕೊಳ್ಳುವುದು. ಏರ್‌ಟೆಲ್‌ನಲ್ಲಿ 28 ದಿನದ ಕನಿಷ್ಠ ರಿಚಾರ್ಜ್ 2018ರ ಕೊನೆಗೆ ₹35 ಇತ್ತು. 2021ಕ್ಕೆ ₹99, 2024ರ ಜುಲೈಗೆ ₹199. ಜಿಯೊ ಅದೇ ತಿಂಗಳು ತನ್ನ ₹155ರ ಪ್ಯಾಕನ್ನು ₹189 ಮಾಡಿತು. ವಾರ ತುಂಬುವಷ್ಟರಲ್ಲಿ ಒಬ್ಬರ ಹಿಂದೆ ಒಬ್ಬರು ದರ ಏರಿಸುವುದನ್ನು ಪೈಪೋಟಿ ಎನ್ನಲು ನನ್ನ ನಾಲಿಗೆ ಏಳದು. ತಿಂಗಳನ್ನು 28 ದಿನ ಮಾಡಿದ ಜಾಣತನ ಬೇರೆ. ವರ್ಷಕ್ಕೆ ಹನ್ನೆರಡು ಸಲ ಕೂಲಿ ಲೆಕ್ಕ ಮಾಡುವವನು ರಿಚಾರ್ಜ್ ಮಾತ್ರ ಹದಿಮೂರು ಸಲ ಮಾಡಿಸಬೇಕು.

ಟೆಲಿಕಾಂ ನಿಯಂತ್ರಕ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಡೇಟಾ ಬೇಡದವರಿಗೆ ಕರೆ, ಸಂದೇಶ ಮಾತ್ರದ ಪ್ಯಾಕ್ ಕೊಡಿ ಎಂದು ಆದೇಶಿಸಿತು. ಕಂಪನಿಗಳು ಕೊಟ್ಟವು: ಜಿಯೊ ₹448, ಏರ್‌ಟೆಲ್ ₹469, ಎರಡೂ 84 ದಿನಕ್ಕೆ. ದಿನಗೂಲಿಯವರ ಮನೆಯಲ್ಲಿ ಒಮ್ಮೆಗೇ ಅಷ್ಟು ದುಡ್ಡನ್ನು ಮುದುಕಿಯ ಫೋನಿಗೆ ಯಾರು ಹಾಕುತ್ತಾರೆ? ಆದೇಶ ಪಾಲನೆಯಾಯಿತು, ಉದ್ದೇಶ ಹಾಗೇ ಉಳಿಯಿತು.

ಈ ಜೋಡಿಯನ್ನು ಅಲುಗಾಡಿಸಬಲ್ಲ ಶಕ್ತಿ ಇದ್ದರೆ ಅದು ಬಿಎಸ್‌ಎನ್‌ಎಲ್‌ಗೆ. 2025ರ ಸೆಪ್ಟೆಂಬರ್ 27ರಂದು ಅದರ ಸ್ವದೇಶಿ 4ಜಿ ಉದ್ಘಾಟನೆಯಾಯಿತು. ಟವರಿನ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜಾಲದ ಒಳತಿರುಳು ಕಿತ್ತೂರಿನಲ್ಲಿ ಮೊದಲ ಪೆಟ್ಟಿಗೆ ಇಟ್ಟ ಅದೇ ಸಿ-ಡಾಟ್‌ನದು. ಆದರೆ ಖಾಸಗಿಯವರು 4ಜಿ ಮುಗಿಸಿ 5ಜಿಗೆ ಹೋದದ್ದು 2022ರಲ್ಲೇ. ತಡವಾದ ಇಷ್ಟು ವರ್ಷಗಳಲ್ಲಿ ಕೈತಪ್ಪಿದ ಗಿರಾಕಿಯನ್ನು ಮರಳಿ ತರಲು ಅಗ್ಗದ ದರ ಒಂದೇ ಸಾಲದು. ಸಿಗ್ನಲ್ ನಿಲ್ಲಬೇಕು, ಕರೆಂಟ್ ಹೋದಾಗ ಟವರಿನ ಬ್ಯಾಟರಿ ನಡೆಯಬೇಕು.

ಅಂತೂ ಹಳ್ಳಿಯ ಮಟ್ಟಿಗೆ ಪೈಪೋಟಿ ಇದೆಯೇ ಎಂದು ನೋಡಲು ನನ್ನ ಲೆಕ್ಕ ಎರಡೇ: ಊರ ಅಗಸಿಯಲ್ಲಿ ನಿಂತರೆ ಎಷ್ಟು ಕಂಪನಿಯ ರೇಂಜ್ ಸಿಗುತ್ತದೆ, ಅತಿ ಸಣ್ಣ ರಿಚಾರ್ಜ್ ಎಷ್ಟಕ್ಕಿದೆ. ಮೊದಲನೆಯದನ್ನು ಓದುಗರೇ ಪರೀಕ್ಷಿಸಬಹುದು. ಯಾವ ಊರಲ್ಲಿ ತಮ್ಮ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಲೇಬೇಕೆಂದು ಟ್ರಾಯ್ ನಿಯಮವಿದೆ. ಅದನ್ನು ನೋಡಿ, ನೆರೆಯವರ ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಬದಲಾಯಿಸುವುದೇ ಸೈ ಎನಿಸಿದರೆ ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳಿಸಿ. ನಂಬರು ನಿಮ್ಮದೇ ಉಳಿಯುತ್ತದೆ.